ದೂರದರ್ಶಕದ ಆಯ್ಕೆ

ಹಾವೇರಿ, ರಾಣೇಬೆನ್ನೂರುಗಳ ವಿದ್ಯಾರ್ಥಿಗಳು ದೂರದರ್ಶಕವನ್ನು ಕೊಳ್ಳಹೊರಟಾಗ ಪೆಟ್ಟಿಗೆಯ ಮೇಲೆ ಅಚ್ಚಾದ ನೂರಾರು ಪಟ್ಟಿನ ವರ್ಧನೆಗೆ ಮರುಳಾಗುವುದುಂಟು. ಹಾಗೆ ಆಟಿಕೆಯನ್ನು ಕೊಂಡು ನಿರಾಶನಾದ ಬಾಲಕನು ಮತ್ತೆ ಆಕಾಶದತ್ತ ಮುಖವೆತ್ತುವುದು ಅಪರೂಪ. ನೋಡತಕ್ಕುದು ಬೆಳಕನ್ನು ಕೂಡಿಸುವ ಕನ್ನಡಿಯ ವ್ಯಾಸವನ್ನು. 114 ಮಿಲಿಮೀಟರಿನ ಕನ್ನಡಿಯು ಸುಮಾರು 228 ಪಟ್ಟಿಗಿಂತ ಹೆಚ್ಚನ್ನು ಸಹಿಸದು. ಶನಿಯ ಬಳೆಗಳಿಗೆ 50 ಪಟ್ಟೇ ಸಾಕು.

ಅಲುಗಾಡುವ ಮುಕ್ಕಾಲಿಗಿಂತ ಜಾನ್ ಡಾಬ್ಸನ್ನರು ರೂಢಿಗೆ ತಂದ ಮರದ ಪೀಠವು ಲೇಸು. 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸಂಘವನ್ನು ಸೇರಿ 1967ರವರೆಗೆ ಮಠವಾಸಿಯಾಗಿದ್ದ ಅವರು ಹಡಗಿನ ಕಿಟಕಿಯ ಗಾಜನ್ನೇ ಉಜ್ಜಿ ಕನ್ನಡಿ ಮಾಡಿದರು. ಮಠದ ಶಾಲೆಗೆ ಇದಕ್ಕಿಂತ ಒಪ್ಪುವ ಉಪಕರಣವುಂಟೆ!

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಒಣಹಾಕುವ ಬಯಲು ಹಗಲೆಲ್ಲ ಕಾದಿರುತ್ತದೆ. ನೆಲದ ಬಿಸಿ ಆರುವ ತನಕ ಬಿಂಬವು ನಡುಗುವುದರಿಂದ ಕಾಯಬೇಕು. ಫೆಬ್ರವರಿಯ ರಾತ್ರಿ ದಕ್ಷಿಣದಲ್ಲಿ ಅಗಸ್ತ್ಯನು ಹೊಳೆಯುವನು. ಸೂರ್ಯನತ್ತ ಮಾತ್ರ ಎಂದೂ ತಿರುಗಿಸಕೂಡದು. ಕ್ಷಣದಲ್ಲಿ ಕಣ್ಣು ಹೋದೀತು.