ಬೆವರೂರಿನ ಹೆರಳು

ಕೂದಲಿನ ಬಗ್ಗೆ ಮಾತಾಡುವ ಹಕ್ಕು ನನಗಿಲ್ಲ ಎನ್ನುವುದು ನಮ್ಮ ಮನೆಯವರ ಒಮ್ಮತದ ತೀರ್ಮಾನ. ನನ್ನ ತಲೆಯನ್ನು ನೋಡಿದವರಿಗೆ ಆ ತೀರ್ಮಾನದ ಆಧಾರ ಥಟ್ಟನೆ ಹೊಳೆಯುತ್ತದೆ, ಹೊಳೆಯುವುದೇ ಅದು. ಆದರೆ ನ್ಯಾಯಾಧೀಶನಾದವನಿಗೆ ಮೊಕದ್ದಮೆಯಲ್ಲಿ ಸ್ವಂತ ಪಾಲು ಇರಬಾರದಂತೆ. ಆ ಲೆಕ್ಕದಲ್ಲಿ ಕೇಶಮೀಮಾಂಸೆಗೆ ನನ್ನಷ್ಟು ಅರ್ಹನಾದವನು ಇಡೀ ಪರೇಲಿನಲ್ಲಿ ಸಿಗಲಿಕ್ಕಿಲ್ಲ. ಫ್ಯಾನಿನ ಕೆಳಗೆ ಕೂತು, ಇಲ್ಲದ ಮುಂಗುರುಳನ್ನು ಹಿಂದಕ್ಕೆ ಸರಿಸುತ್ತ, ಅಕ್ಕನ ಮಗಳ ಮದುವೆಗೆ ಯಾವ ಹೆರಳು ಒಪ್ಪೀತು ಎಂದು ನಾನು ಯೋಚಿಸುತ್ತಿರುವುದು ಹೀಗೆ, ಸಂಪೂರ್ಣ ನಿಷ್ಕಾಮವಾಗಿ.

ಮದುವೆ ಮೇ ತಿಂಗಳಲ್ಲಿ. ಮುಂಬಯಿಯ ನಮ್ಮವರ ಮದುವೆಗಳು ಮೇ ತಿಂಗಳನ್ನು ಬಿಟ್ಟು ಇನ್ನೆಲ್ಲಿಗೆ ಹೋದಾವು? ಶಾಲೆಗಳಿಗೆ ರಜೆ. ಊರಿನಿಂದ ಬರುವವರಿಗೆ ಹಲಸಿನ ಹಪ್ಪಳದ ಕಟ್ಟು ಹೊತ್ತು ತರಲು ಅನುಕೂಲ. ಸ್ವಲ್ಪ ತಡಮಾಡಿದರೆ ಮಳೆ ಹಿಡಿದುಕೊಳ್ಳುತ್ತದೆ, ಮಳೆಯ ಬೆನ್ನಿಗೇ ಆಟಿ ತಿಂಗಳು, ಆಟಿಯಲ್ಲಿ ಶುಭಕಾರ್ಯವಿಲ್ಲ. ಮುಂಗಾರು ಮುಂಬಯಿಗೆ ಕಾಲಿಡುವ ವಾಡಿಕೆಯ ತಾರೀಖು ಜೂನ್ 11. ಅದಕ್ಕೆ ಮುಂಚಿನ ವಾರಗಳಲ್ಲಿ ಆಕಾಶ ಸುರಿಯುವುದೂ ಇಲ್ಲ, ಸುಮ್ಮನಿರುವುದೂ ಇಲ್ಲ. ಸಮುದ್ರದಿಂದ ಎದ್ದು ಬಂದ ಗಾಳಿ ಹಿಂದ್‌ಮಾತಾದ ಸೀರೆ ಅಂಗಡಿಗಳವರೆಗೆ ಹೇಗೋ ನಡೆದು ಅಲ್ಲೇ ಕುಸಿದು ಕೂರುತ್ತದೆ. ಬೆವರು ಆರಬೇಕಾದರೆ ಗಾಳಿಯಲ್ಲಿ ಸ್ವಲ್ಪವಾದರೂ ಜಾಗ ಬೇಕಲ್ಲ. ಅದೋ, ಸಂಜೆಯ ವಿರಾರ್ ಲೋಕಲ್ಲಿನ ಹಾಗೆ, ಮೊದಲೇ ಭರ್ತಿ. ಈ ಬೆವರೋತ್ಸವದ ನಟ್ಟನಡುವೆ ಒಂದು ಹುಡುಗಿ ರೇಷ್ಮೆ ಸೀರೆ ಉಟ್ಟು, ವಿಡಿಯೊದವನ ದೀಪಕ್ಕೆ ಮುಖ ಕೊಟ್ಟು, ಧಾರೆಯ ಹೊತ್ತಿನಿಂದ ಊಟದ ಕೊನೆಯ ಪಂಕ್ತಿಯವರೆಗೆ ನಗುತ್ತಿರಬೇಕು. ನಗುವಿನ ಜವಾಬ್ದಾರಿ ಅವಳದು. ಕೂದಲಿನದು ಯಾರದು?

ಪರೇಲಿನಲ್ಲಿ ಕೂತು ತೇವವನ್ನು ಬಯ್ದರೆ ಇಲ್ಲಿನ ಹಳಬರು ಒಪ್ಪುವುದಿಲ್ಲ. ಈ ಸೀಮೆಗೆ ಅನ್ನ ಹಾಕಿದ್ದರಲ್ಲಿ ತೇವಕ್ಕೂ ಒಂದು ಪಾಲಿದೆ. 1854ರಲ್ಲಿ ಕಾವಸ್‌ಜಿ ದಾವರ್ ತಾರದೇವದಲ್ಲಿ ನೂಲಿನ ಗಿರಣಿಗೆ ಕೈಹಾಕಿದ ಮೇಲೆ ಚಿಮಣಿಗಳು ಒಂದೊಂದೇ ಎದ್ದು, ಪರೇಲ್, ಲಾಲ್‌ಬಾಗ್ ಎಲ್ಲ ಸೇರಿ ಗಿರಣಗಾಂವ್ ಆಯಿತು. ಒಣ ಹವೆಯಲ್ಲಿ ಹತ್ತಿಯ ಎಳೆ ಪಟಪಟ ಹರಿಯುತ್ತದೆ. ತೇವದಲ್ಲಿ ಬಾಗುತ್ತದೆ, ಬಾಳುತ್ತದೆ. ಸಮುದ್ರದ ಹವೆ ಸಾಲದೆಂದು ಗಿರಣಿಯೊಳಗೆ ಯಂತ್ರ ಇಟ್ಟು ನೀರಿನ ಹನಿ ಎರಚುತ್ತಿದ್ದರು. ನಮ್ಮ ಚಾಳಿನಲ್ಲಿ ಸಾಂಚಾ ಖಾತೆಯಲ್ಲಿ ದುಡಿದ ಹಿರಿಯರೊಬ್ಬರಿದ್ದರು. ಅಂಗಿಯ ತೋಳಿಗೆ ಅಂಟಿದ ಗಾಳಿಯಿಂದಲೇ ಇವತ್ತು ಮಗ್ಗ ಹೇಗೆ ಓಡೀತು ಎಂದು ಹೇಳುತ್ತಿದ್ದರು. 1982ರ ಮುಷ್ಕರದ ನಂತರ ಮಗ್ಗಗಳು ಹೋದವು, ಚಿಮಣಿ ಇದ್ದಲ್ಲಿ ಗಾಜಿನ ಗೋಪುರಗಳು ಬಂದವು. ತೇವ ಮಾತ್ರ ಕೆಲಸ ಕಳೆದುಕೊಂಡು ಬೀದಿ ಅಲೆಯುತ್ತಿದೆ. ಅದರ ಕಣ್ಣು ಈಗ ಮದುಮಕ್ಕಳ ತಲೆಯ ಮೇಲೆ.

ಹತ್ತಿಯ ಎಳೆಗೂ ಕೂದಲಿನ ಎಳೆಗೂ ಇಲ್ಲೇ ವೈರ. ಹತ್ತಿ ನೆನೆದರೆ ಗಟ್ಟಿಯಾಗುತ್ತದೆ, ಕೂದಲು ನೆನೆದರೆ ಸೋಲುತ್ತದೆ, ಹಿಗ್ಗುತ್ತದೆ. ಎಷ್ಟು ಹಿಗ್ಗುತ್ತದೆ ಎಂದು ಅಳೆದವನೂ ಇದ್ದಾನೆ. ಜಿನೀವಾದ ಹೊರೇಸ್ ಬೆನೆಡಿಕ್ಟ್ ಡಿ ಸೊಸ್ಯೂರ್ ಎಂಬ ಮಹಾನುಭಾವ ಆಲ್ಪ್ಸ್ ಪರ್ವತಗಳನ್ನು ಹತ್ತಿ ಇಳಿಯುವ ಬಿಡುವಿನಲ್ಲಿ, ಮನುಷ್ಯರ ತಲೆಗೂದಲನ್ನು ಒಂದು ಮುಳ್ಳಿಗೆ ಕಟ್ಟಿ, ಗಾಳಿಯ ತೇವ ಅಳೆಯುವ ಉಪಕರಣ ಮಾಡಿ 1783ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಬರೆದ. ತೀರ ಒಣಗಾಳಿಯಿಂದ ತೀರ ಒದ್ದೆಗಾಳಿಗೆ ಬಂದರೆ ಕೂದಲು ನೂರಕ್ಕೆ ಸುಮಾರು ಎರಡರಿಂದ ಎರಡೂವರೆ ಪಾಲು ಉದ್ದವಾಗುತ್ತದೆ. ಎರಡಡಿಯ ಜಡೆಗೆ ಲೆಕ್ಕ ಹಾಕಿದರೆ ಅರ್ಧ ಅಂಗುಲ. ಹವಾಮಾನ ಕಚೇರಿಗಳು ಬಹುಕಾಲ ಈ ಕೇಶಮಾಪಕವನ್ನೇ ನಂಬಿದ್ದವು. ನನಗೆ ರುಚಿಸಿದ ವಿವರ ಇನ್ನೊಂದಿದೆ: ಉಪಕರಣಕ್ಕೆ ಕಟ್ಟುವ ಮುಂಚೆ ಆತ ಕೂದಲನ್ನು ಸೋಡಾ ನೀರಿನಲ್ಲಿ ಕುದಿಸಿ ಜಿಡ್ಡನ್ನೆಲ್ಲ ತೆಗೆಯುತ್ತಿದ್ದ. ಜಿಡ್ಡಿದ್ದರೆ ಕೂದಲು ಹವೆಯ ಸುದ್ದಿಯನ್ನು ಸರಿಯಾಗಿ ಹೇಳುವುದಿಲ್ಲವಂತೆ.

ಈ ಸೊಸ್ಯೂರನ ನೆನಪಾದದ್ದು ಬ್ಯೂಟಿ ಪಾರ್ಲರಿನ ಸೋಫಾದ ಮೇಲೆ. ಈಗ ಮದುವೆಗೆ ಮುಂಚೆ ಕೂದಲಿಗೂ ಒಂದು ನಿಶ್ಚಿತಾರ್ಥವಿದೆ, ಟ್ರಯಲ್ ಎನ್ನುತ್ತಾರೆ. ಬ್ಯಾಗು ಹಿಡಿಯುವ ಹುದ್ದೆಯಲ್ಲಿ ನಾನೂ ಹೋಗಿದ್ದೆ. ಅಲ್ಲಿನ ಹುಡುಗಿ ನಮ್ಮ ಹುಡುಗಿಯ ತಲೆಯನ್ನು ಶಾಂಪೂವಿನಿಂದ ಮತ್ತೆಮತ್ತೆ ತೊಳೆದು ಜಿಡ್ಡಿನ ಹೆಸರೇ ಇಲ್ಲದಂತೆ ಮಾಡಿದಳು. ಅಂದರೆ, ಹಣ ಕೊಟ್ಟು ನಾವು ಅವಳನ್ನೊಂದು ಹವಾಮಾನ ಉಪಕರಣವಾಗಿ ಪರಿವರ್ತಿಸಿಕೊಂಡೆವು. ಆಮೇಲೆ ಬಿಸಿ ಕೋಲಿಗೆ ಸುತ್ತಿ ಸುತ್ತಿ ಸುರುಳಿಗಳು, ಮೇಲಿಂದ ಸ್ಪ್ರೇಯ ಮಂಜು. ಕನ್ನಡಿಯಲ್ಲಿ ಅಪ್ಸರೆ. ಬಾಗಿಲು ತೆರೆದು ರಸ್ತೆಗಿಳಿದು ಭೋಯಿವಾಡಾದ ಕಡೆ ತಿರುಗುವಷ್ಟರಲ್ಲಿ ಸುರುಳಿಗಳು ಒಂದೊಂದಾಗಿ ರಾಜೀನಾಮೆ ಕೊಡತೊಡಗಿದವು. ಹಣೆಯ ಅಂಚಿನ ಸಣ್ಣ ಕೂದಲು ಮಾತ್ರ ಬೇರೆ ದಾರಿ ಹಿಡಿದು ನೆಟ್ಟಗೆ ಎದ್ದು ನಿಂತವು. “ಮಾವ, ಹೇಗಿದೆ?” ಎಂದಳು. ಮದುವೆಯ ಮನೆಯಲ್ಲಿ ಸತ್ಯ ಹೇಳುವ ವಯಸ್ಸು ನನ್ನದಲ್ಲ.

ಪಾರ್ಲರಿನವಳನ್ನು ದೂರಿ ಫಲವಿಲ್ಲ. ಕೂದಲಿನೊಳಗೆ ಎಳೆಗೆಳೆಯನ್ನು ಹಿಡಿದಿಡುವ ಕಟ್ಟುಗಳಲ್ಲಿ ಕೆಲವು ಬಲು ಸಡಿಲ. ಜಲಜನಕದ ಬಂಧ ಎಂದು ಹೈಸ್ಕೂಲಿನಲ್ಲಿ ಕಲಿತದ್ದು. ಬಿಸಿಗೆ ಅವು ಬಿಚ್ಚಿಕೊಂಡು, ಆರುವಾಗ ಹೊಸ ಆಕಾರದಲ್ಲಿ ಕೂಡಿಕೊಳ್ಳುತ್ತವೆ. ನೀರಾವಿ ತಗುಲಿದರೆ ಅವೇ ಮತ್ತೆ ಬಿಚ್ಚಿಕೊಂಡು ಹುಟ್ಟುಗುಣಕ್ಕೆ ಮರಳುತ್ತವೆ. ಗುಂಗುರು ಗುಂಗುರಿಗೆ, ನೆಟ್ಟಗಿನದು ನೆಟ್ಟಗೆ. ಬಿಸಿ ಮಾಡಿಸಿದ ಒಡಂಬಡಿಕೆಯನ್ನು ಅರಬ್ಬಿ ಸಮುದ್ರ ಮಾನ್ಯ ಮಾಡುವುದಿಲ್ಲ, ಅಷ್ಟೇ.

ಅಕ್ಕ ಈ ವಿಜ್ಞಾನಕ್ಕೆ ಸೊಪ್ಪು ಹಾಕಲಿಲ್ಲ. “ಎಣ್ಣೆ ಕಾಣದ ತಲೆ ಎಂತ ತಲೆ ಮಾರಾಯ? ಹಿಂದಿನ ರಾತ್ರಿ ಒಂದು ಕೈ ತೆಂಗಿನೆಣ್ಣೆ ತಿಕ್ಕಿದರೆ ಇದೆಲ್ಲ ಉಂಟಾ?” ಅಕ್ಕನ ಪರವಾಗಿ ಸಾಕ್ಷಿಯೂ ಇದೆ. ಮುಂಬಯಿಯ ಸಂಶೋಧಕರಿಬ್ಬರು 2003ರಲ್ಲಿ, ತೆಂಗಿನೆಣ್ಣೆ ಕೂದಲಿನ ಒಳಕ್ಕಿಳಿದು ಅದರ ಪ್ರೋಟೀನು ತೊಳೆದುಹೋಗದಂತೆ ಕಾಯುತ್ತದೆ, ಸೂರ್ಯಕಾಂತಿ ಎಣ್ಣೆಯಾಗಲಿ ಖನಿಜ ಎಣ್ಣೆಯಾಗಲಿ ಆ ಕೆಲಸ ಮಾಡುವುದಿಲ್ಲ ಎಂದು ಬರೆದರು. ಅವರು ಕೆಲಸಕ್ಕಿದ್ದದ್ದು ತೆಂಗಿನೆಣ್ಣೆ ಮಾರುವ ಕಂಪನಿಯಲ್ಲಿ ಎಂಬುದನ್ನು ನಾನು ಅಕ್ಕನಿಗೆ ಹೇಳಲಿಲ್ಲ. ಅವಳಿಗೆ ಬೇಕಾದದ್ದು ತೀರ್ಪು, ಸಾಕ್ಷಿಯ ಕುಲಗೋತ್ರವಲ್ಲ.

ನನ್ನ ಹೆಂಡತಿ ಮೈಸೂರು ಕಡೆಯವಳು. ಅವಳ ದೃಷ್ಟಿಯಲ್ಲಿ ಮದುವೆಯ ಹೆಣ್ಣಿಗೆ ಮೊಗ್ಗಿನ ಜಡೆಯನ್ನು ಬಿಟ್ಟರೆ ಉಳಿದದ್ದೆಲ್ಲ ಸಂತೆಗೆ ಹೊರಟ ಅಲಂಕಾರ. ಅವಳ ತಾಯಿಯ ಹಳೆಯ ಸ್ಟುಡಿಯೊ ಫೋಟೊ ನಮ್ಮ ಗೋಡೆಯ ಮೇಲಿದೆ: ಹುಡುಗಿ ಎದುರಿಗೆ ನಿಂತಿದ್ದಾಳೆ, ಬೆನ್ನ ಹಿಂದೆ ನಿಲುವುಗನ್ನಡಿ, ಕನ್ನಡಿಯೊಳಗೆ ಜಡೆ. ನೆತ್ತಿಯಿಂದ ಸೊಂಟದವರೆಗೆ ಸಾಲುಸಾಲು ಮೊಗ್ಗು, ನಡುನಡುವೆ ಜಡೆಬಿಲ್ಲೆ, ತುದಿಗೆ ಕುಚ್ಚು. ಆ ಛಾಯಾಚಿತ್ರಗಾರರು ದೊಡ್ಡ ತತ್ತ್ವಜ್ಞಾನಿಗಳು. ಹೆರಳು ಎಂಬುದು ಹಾಕಿಕೊಂಡವಳಿಗೆ ಕಾಣಿಸದ ಏಕೈಕ ಆಭರಣ. ಬಳೆ ಕಾಣುತ್ತದೆ, ಸರ ಬಗ್ಗಿದರೆ ಕಾಣುತ್ತದೆ, ಕಾಲುಂಗುರವೂ ಕಾಣುತ್ತದೆ. ಜಡೆ ಹಿಂದಿನ ಸಾಲಿನವರ ಸೊತ್ತು. ಅಕ್ಷತೆ ಕೈಯಲ್ಲಿ ಹಿಡಿದು ಬೇಸರಗೊಂಡ ಬಂಧುಗಳಿಗೆ ಕಣ್ಣಿಡಲು ಒಂದು ಜಾಗ. ಹಾಗಿದ್ದ ಮೇಲೆ ‘ನನಗೆ ಒಪ್ಪುವ ಹೆರಳು’ ಎಂದು ಹುಡುಗಿ ಹುಡುಕುವುದರ ಅರ್ಥವೇನು ಎಂದು ಕೇಳಹೊರಟವನು, ಹೆಂಡತಿಯ ಮುಖ ನೋಡಿ ಚಹಾ ಕೇಳಿದೆ.

ಮುಖಕ್ಕೆ ತಕ್ಕ ಹೆರಳು ಎಂಬ ಶಾಸ್ತ್ರ ಬೇರೆಯೇ ಇದೆ. ದುಂಡುಮುಖವಾದರೆ ನೆತ್ತಿಯ ಮೇಲೆ ಸ್ವಲ್ಪ ಎತ್ತರ ಕೊಡಬೇಕು, ಉದ್ದ ಮುಖವಾದರೆ ಕಿವಿಯ ಪಕ್ಕದಲ್ಲಿ ಹೂವಿಟ್ಟು ಅಗಲ ತೋರಿಸಬೇಕು, ಹಣೆ ದೊಡ್ಡದಾದರೆ ಬೈತಲೆ ಓರೆಯಾಗಬೇಕು. ಗ್ರಹಗತಿಯಷ್ಟೇ ಗಂಭೀರವಾಗಿ ಹೇಳುತ್ತಾರೆ. ಬೇಲೂರಿನ ದರ್ಪಣ ಸುಂದರಿಗೆ ಈ ಕಷ್ಟವಿರಲಿಲ್ಲ. 1117ರಲ್ಲಿ ಪ್ರತಿಷ್ಠೆಯಾದ ಗುಡಿಯಲ್ಲಿ ಕನ್ನಡಿ ಹಿಡಿದು ನಿಂತವಳ ತುರುಬು ಇಷ್ಟು ಮಳೆಗಾಲ ಕಳೆದರೂ ಒಂದೆಳೆ ಜಾರಿಲ್ಲ. ಕಲ್ಲಿನ ಕೂದಲಿಗೆ ಸ್ಪ್ರೇ ಬೇಡ.

ಇಷ್ಟರ ನಡುವೆ ಮನಿಲಾದಿಂದ ಸಲಹೆ ಬಂತು. ನಮ್ಮ ಹುಡುಗಿಯ ಕೆಲಸ ಹಡಗುಗಳಿಗೆ ಸಿಬ್ಬಂದಿ ಒದಗಿಸುವ ಕಚೇರಿಯಲ್ಲಿ. ಸಮುದ್ರಕ್ಕೆ ಜನ ಕಳಿಸುವುದರಲ್ಲಿ ಫಿಲಿಪೀನ್ಸಿನವರು ನಮ್ಮವರಿಗಿಂತ ಒಂದು ಕೈ ಮೇಲು. ಅಲ್ಲಿನ ಕಚೇರಿಯ ಗೆಳತಿ ತನ್ನ ಮದುವೆಯ ಚಿತ್ರಗಳನ್ನು ಮೊಬೈಲಿಗೆ ಕಳಿಸಿದ್ದಳು. ಮನಿಲಾದ ಮೇ ತಿಂಗಳೂ ನಮ್ಮದರ ಒಡಹುಟ್ಟು, ಅದೇ ಅಂಟುಬೆವರು. ಅವಳದು ಕತ್ತಿನ ಬಳಿ ತಗ್ಗಾಗಿ ಸುತ್ತಿದ ಸಾದಾ ತುರುಬು. ಅವರ ಸಾಂಪ್ರದಾಯಿಕ ಉಡುಪಿನ ತೋಳು ಭುಜದ ಮೇಲೆ ಚಿಟ್ಟೆಯ ರೆಕ್ಕೆಯಾಗಿ ನೆಟ್ಟಗೆ ನಿಲ್ಲುತ್ತದೆ. ಕೂದಲು ಬಿಟ್ಟುಕೊಂಡರೆ ರೆಕ್ಕೆಗೂ ಕೂದಲಿಗೂ ದಿನವಿಡೀ ಜಗಳ. ಇಗರ್ಜಿಯಲ್ಲಿ ಮದುವೆಯ ನಡುವೆ ಒಂದು ತೆಳ್ಳನೆಯ ಮುಸುಕನ್ನು ವಧುವಿನ ತಲೆಗೂ ವರನ ಭುಜಕ್ಕೂ ಸೇರಿಸಿ ಪಿನ್ನು ಹಾಕುವ ಶಾಸ್ತ್ರವೂ ಇದೆ. ನಮ್ಮ ಸೆರಗಿನ ಗಂಟಿನ ದೂರದ ನೆಂಟ. ಆ ಪಿನ್ನಿಗೆ ಹಿಡಿಯಲು ತಲೆಯಲ್ಲಿ ಗಟ್ಟಿ ಆಧಾರ ಬೇಡವೇ? ಹೀಗೆ ಎಲ್ಲ ದಾರಿಗಳೂ ತುರುಬಿಗೇ ಬರುತ್ತವೆ.

ಚಿತ್ರವನ್ನು ಅಗಲಿಸಿ ನೋಡಿದ ಅಕ್ಕ ಕೂಗಿದಳು: “ಇದು ನಮ್ಮ ಮಲ್ಲಿಗೆಯಲ್ಲವಾ!” ಹೌದು, ತುರುಬಿನ ಸುತ್ತ ಬಿಳಿಯ ಮೊಗ್ಗಿನ ಎಳೆ. ಅಲ್ಲಿ ಸಂಪಗೀತಾ ಎನ್ನುತ್ತಾರೆ. ಇಗರ್ಜಿಗಳ ಬಾಗಿಲಲ್ಲಿ ಮಕ್ಕಳು ಸರ ಪೋಣಿಸಿ ಮಾರುತ್ತಾರೆ. 1934ರಿಂದ ಅದು ಆ ದೇಶದ ರಾಷ್ಟ್ರೀಯ ಪುಷ್ಪ. ಸಸ್ಯಶಾಸ್ತ್ರದ ಪ್ರಕಾರ ನಮ್ಮ ದುಂಡುಮಲ್ಲಿಗೆ, ದಾದರಿನ ಮೋಗ್ರಾ, ಶಂಕರಪುರದ ಮಲ್ಲಿಗೆ ಎಲ್ಲ ಅದೇ ಕುಲ. ಆ ಕ್ಷಣದಿಂದ ಆ ಮನಿಲಾದ ಹುಡುಗಿ ಅಕ್ಕನಿಗೆ ಊರಿನವಳೇ ಆಗಿಬಿಟ್ಟಳು. “ಒಳ್ಳೆ ಮನೆಯ ಹುಡುಗಿ” ಎಂದು ಪ್ರಮಾಣಪತ್ರವೂ ಸಿಕ್ಕಿತು.

ತೇವದ ಜೊತೆ ಕಾದಾಡುವ ಬದಲು ತೇವವನ್ನೇ ನಮ್ಮ ಕಡೆಗೆ ಸೇರಿಸಿಕೊಂಡರೆ ಹೇಗೆ ಎಂದು ನನಗೆ ಹೊಳೆದದ್ದು ಆಗ. ಕೂದಲಿಗೆ ಶತ್ರುವಾದ ಗಾಳಿ ಹೂವಿಗೆ ದಾದಿ. ಉಡುಪಿಯಿಂದ ರಾತ್ರಿ ಬಸ್ಸಿನಲ್ಲಿ ಬಂದ ಮಲ್ಲಿಗೆಯ ಕಟ್ಟು ಬಿಚ್ಚುವುದನ್ನು ನೋಡಬೇಕು. ಬಾಳೆಲೆಯ ಒಳಮೈ ಬೆವರಿರುತ್ತದೆ. ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಿದ ಮೊಗ್ಗು, ತೊಟ್ಟಿನ ಬಳಿ ಇನ್ನೂ ತಿಳಿಹಸುರು, ಮುಟ್ಟಿದರೆ ತಣ್ಣಗೆ, ಬಿಗಿ. ಸಂಜೆಯಾಗುತ್ತ ಆ ಬಿಗಿ ಬಿಡುತ್ತದೆ. ಧಾರೆಯ ಹೊತ್ತಿಗೆ ಮುತ್ತಿನ ಸಾಲಿನಂತಿದ್ದ ತುರುಬು, ರಿಸೆಪ್ಶನ್ನಿನ ಹೊತ್ತಿಗೆ ಅರಳಿ ಎರಡು ಪಾಲು ದಪ್ಪ. ಯಾವ ಪಾರ್ಲರಿನವಳೂ ಕೈಹಚ್ಚದೆ, ಹೆಚ್ಚಿನ ಶುಲ್ಕ ಕೇಳದೆ, ಹೆರಳು ತಾನೇ ವೇಷ ಬದಲಿಸುತ್ತದೆ. ಅಲ್ಲಿ ಇಲ್ಲಿ ಎದ್ದ ತುಂಟ ಎಳೆಗಳು ಹೂವಿನಡಿ ಅಡಗುತ್ತವೆ. ಕತ್ತಿಗೆ ಗಾಳಿಯಾಡುತ್ತದೆ. ಹಣೆಯ ಅಂಚಿನ ಸಣ್ಣ ಕೂದಲು ಸುರುಳಿ ಸುತ್ತಿದರೆ ಸುತ್ತಲಿ; ಅದನ್ನೇ ಬೇಕೆಂದು ಮಾಡಿಸಿಕೊಳ್ಳಲು ಬಾಂದ್ರಾದಲ್ಲಿ ದುಡ್ಡು ತೆರುತ್ತಾರಂತೆ.

ಹೀಗೆ ಎಣ್ಣೆಯ ತೆಳುಪಸೆ, ಮಧ್ಯಬೈತಲೆ, ತಗ್ಗು ತುರುಬು, ಸುತ್ತ ಊರಿನ ಮಲ್ಲಿಗೆ ಎಂದು ನಿಶ್ಚಯವಾಯಿತು. ಮೊಗ್ಗಿನ ಜಡೆಯ ಪಕ್ಷಕ್ಕೆ ಸಮಾಧಾನವಾಗಲೆಂದು ತುರುಬಿನ ನಡುವೆ ಒಂದು ಜಡೆಬಿಲ್ಲೆ. ಇಷ್ಟೆಲ್ಲ ಆಗುವಾಗ ಮದುಮಗನ ಕೂದಲಿನ ಬಗ್ಗೆ ಒಬ್ಬರೂ ಚಕಾರವೆತ್ತಲಿಲ್ಲ. ಅವನಿಗೆ ಪೇಟ ಇದೆಯಲ್ಲ, ಅದರೊಳಗೆ ಯಾವ ಋತುವಿದ್ದರೇನು?

ಉಳಿದದ್ದು ಹೂವಿನ ಲೆಕ್ಕ. ಅಕ್ಕ ಊರಿಗೆ ಫೋನು ಹಚ್ಚಿ ಎರಡು ಅಟ್ಟೆ ಹೇಳಿದಳು. ಒಂದು ಚೆಂಡಿಗೆ 800 ಹೂವು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಎರಡು ಅಟ್ಟೆಯೆಂದರೆ 6,400. “ಅಮ್ಮ, ನನಗಿರುವುದು ಒಂದೇ ಕತ್ತು” ಎಂದಳು ಹುಡುಗಿ. “ನಿನಗೊಬ್ಬಳಿಗೇ ಅಲ್ಲ” ಎಂದು ಅಕ್ಕ ಬೆರಳು ಮಡಚಿ ಎಣಿಸತೊಡಗಿದಳು: ಹುಡುಗನ ತಾಯಿಗೆ ಒಂದು ಚೆಂಡು, ಚಿಕ್ಕಮ್ಮನಿಗೆ ಅರ್ಧ, ದೊಡ್ಡಮ್ಮನಿಗೆ ಅರ್ಧವಾದರೆ ಮುನಿಸು ಬಂದೀತು, ಒಂದಿರಲಿ, ಚಾಳಿನ ಮರಾಠಿ ವಹಿನಿಯರಿಗೆ ಗಜರೆಯಷ್ಟು, ಊರಿಂದ ಬರುವ ಮಕ್ಕಳಿಗೆ ತುಂಡು ತುಂಡು. ಎಣಿಕೆ ನನ್ನವರೆಗೆ ಬಂದು ಒಂದು ಕ್ಷಣ ನಿಂತಿತು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಮುಂದಿನ ಬೆರಳಿಗೆ ದಾಟಿದಳು.