ಅರ್ಧ ಪಾಯಿಂಟು

ಚೆಸ್ ಟೂರ್ನಮೆಂಟ್ ಮುಗಿಸಿ ಬಂದವರನ್ನು ನಮ್ಮ ಬಂಗಾರಪೇಟೆಯಲ್ಲಿ ಕೇಳುವುದು ಒಂದೇ: ಗೆದ್ದೆಯಾ, ಸೋತೆಯಾ? ‘ಡ್ರಾ’ ಅಂದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ನನಗೆ ಒಳ್ಳೆಯ ಡ್ರಾದಷ್ಟು ಇಷ್ಟವಾದದ್ದು ಇನ್ನೊಂದಿಲ್ಲ; ಅದರಲ್ಲೂ ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿ ಶುರುವಾದ ಆಟ.

ರಾಜನ ಕಾಲಾಳು ಹಾಗೆ ಮುಂದೆ ಬಂದರೆ ಅದಕ್ಕೆ ಕಾವಲಿಲ್ಲ, ಆಟ ಬೇಗ ಕಾವೇರುತ್ತದೆ. ರಾಣಿಯ ಕಾಲಾಳಿನ ಬೆನ್ನಿಗೆ ರಾಣಿಯೇ ನಿಂತಿರುತ್ತಾಳೆ. ನಡುಮನೆಗಳು ಬಿಗಿಯುತ್ತವೆ, ಕುದುರೆ ಒಂಟೆಗಳು ನಿಧಾನವಾಗಿ ಜಾಗ ಹುಡುಕುತ್ತವೆ. ಕೆಜಿಎಫ್‌ನ ಚಾಂಪಿಯನ್ ರೀಫ್ ಚಿನ್ನದ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದದ್ದು ಹೀಗೆಯೇ, ಅಡಿ ಅಡಿಯಾಗಿ. 1927ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ವಿಶ್ವ ಪಟ್ಟಕ್ಕಾಗಿ ಕ್ಯಾಪಬ್ಲಾಂಕಾ ಮತ್ತು ಅಲೆಖಿನ್ ಆಡಿದ 34 ಆಟಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಈ ಕಾಲಾಳಿನಿಂದಲೇ ಶುರುವಾದವು, 25 ಡ್ರಾ. ಬೇಸರದ ಪಂದ್ಯ ಅಂತ ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. 1916ರಿಂದ 1924ರವರೆಗೆ ಒಂದೂ ಆಟ ಸೋಲದಿದ್ದ ಕ್ಯಾಪಬ್ಲಾಂಕಾನನ್ನು ದಣಿಸಿದ್ದು ಆ ಡ್ರಾಗಳೇ.

ಈಚೆಗೆ ನನ್ನೆದುರು ಕೂತವನು ಕೆಜಿಎಫ್‌ನ ಹುಡುಗ. ತಾತ ಗಣಿಯಲ್ಲಿ ದುಡಿದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಈಗ ಇವನದು ಬೆಳಗಿನ ರೈಲಿಗೆ ಬೆಂಗಳೂರಿಗೆ ಓಡುವ ಕೆಲಸ. ಇರುವ ಒಂದು ಭಾನುವಾರವನ್ನು ಅವನು ಈ ಹಲಗೆಗೆ ಕೊಟ್ಟಿದ್ದ. ಕೊನೆಗೆ ಉಳಿದದ್ದು ಇಬ್ಬರಿಗೂ ಒಂದೊಂದು ಆನೆ, ಜೊತೆಗೆ ಅವನದೊಂದು ಕಾಲಾಳು. ನನ್ನ ರಾಜ ಆ ಕಾಲಾಳಿನ ದಾರಿಗೆ ಅಡ್ಡ ನಿಂತಿದ್ದ. ಹದಿನೆಂಟನೇ ಶತಮಾನದ ಫಿಲಿಡೋರ್ ಹೇಳಿಕೊಟ್ಟ ಉಪಾಯವಿದೆ: ಆನೆಯನ್ನು ನಮ್ಮ ಕಡೆಯಿಂದ ಮೂರನೇ ಸಾಲಿನಲ್ಲೇ ಇಟ್ಟು ಎದುರಾಳಿ ರಾಜನನ್ನು ಒಳಗೆ ಬಿಡದೆ ಕಾಯಬೇಕು. ಕಾಲಾಳು ಆ ಸಾಲಿಗೆ ಕಾಲಿಟ್ಟ ಕೂಡಲೇ ಆನೆಯನ್ನು ಹಲಗೆಯ ಆ ತುದಿಗೆ ಒಯ್ದು ಹಿಂದಿನಿಂದ ಚೆಕ್ ಮೇಲೆ ಚೆಕ್. ಮರೆಗೆ ಕಾಲಾಳು ಇಲ್ಲದ್ದರಿಂದ ರಾಜನಿಗೆ ಅವಿತುಕೊಳ್ಳಲು ಜಾಗವಿರುವುದಿಲ್ಲ.

ಅವನಿಗೂ ಇದು ಗೊತ್ತಿತ್ತು. ಆದರೂ ನನಗೆ ಗೊತ್ತಿದೆಯೇ ಅಂತ ನೋಡದೆ ಬಿಡಲಿಲ್ಲ. ಅದೇ ಅವನ ದೊಡ್ಡತನ. ನಾಲ್ಕೈದು ಚೆಕ್ ಆದ ಮೇಲೆ ರಾಜನನ್ನು ನಡೆಸಿ, ಗಡಿಯಾರ ಒತ್ತುವ ಮುಂಚೆ ಮೆಲ್ಲಗೆ ಕೇಳಿದ: “ಡ್ರಾ ಮಾಡ್ಕೊಳ್ಳೋಣ್ವಾ ಅಣ್ಣಾ?” ಕೈ ಕುಲುಕಿದೆವು. ಇಬ್ಬರ ಹಾಳೆಯಲ್ಲೂ ಅರ್ಧ.

ಕೋರಮಂಡಲ್‌ನಲ್ಲಿ ನನಗೆ ನೆಂಟರ ಮನೆಯಿತ್ತು; ಸಂಜೆ ಮಾರಿಕುಪ್ಪಂ ರೈಲಿಗೆ ಇಬ್ಬರೂ ಹತ್ತಿದೆವು. ಅವನು ಚೀಲದಿಂದ ಮ್ಯಾಗ್ನೆಟ್ ಚೆಸ್ ತೆಗೆದ. ರಾಣಿಗಳನ್ನು ಹೊಡೆದಾಡಿಸಿದ್ದು ಅವಸರವಾಯಿತು ಅನ್ನುವುದು ಅವನ ವಾದ. ಒಂಟೆಯನ್ನು ಉಳಿಸಿಕೊಂಡಿದ್ದರೆ ಸಾಕಿತ್ತು ಅನ್ನುವುದು ನನ್ನದು. ಎರಡನ್ನೂ ಆಡಿ ನೋಡಿದೆವು. ಕೋರಮಂಡಲ್ ಬಂದರೂ ಗೆಲುವಿನ ದಾರಿ ಯಾರಿಗೂ ಸಿಗಲಿಲ್ಲ.