ಖಾಲಿ ಟ್ಯಾಂಕು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಹಳೇ ಯೆಜ್ಡಿಯ ಅಸಲಿ ಟ್ಯಾಂಕು ಹುಡುಕಿದರೆ ಸಿಗುತ್ತದೆ, ಸ್ಟ್ರಿಂಗರ್ ಸಂಬಳಕ್ಕೆ (ಅದನ್ನು ಸಂಬಳ ಅನ್ನಬಹುದಾದರೆ) ಎಟಕುವುದಿಲ್ಲ. ತಗಡಿನಲ್ಲಿ ನಾವೇ ಒಂದು ಮಾಡಿಕೊಂಡೆವು. ಫ್ರೇಮಿನ ಪೈಪು ಕೂರಲು ಅಡಿಭಾಗ ಅಗಲಿಸಬೇಕಿತ್ತು. ಜಿಗಣಿಯ ವೆಲ್ಡಿಂಗ್ ಶೆಡ್ಡಿಗೆ ಹೊತ್ತೊಯ್ದೆವು.

"ಪೆಟ್ರೋಲ್ ಹಾಕಿದ್ರಾ?" ಮೇಸ್ತ್ರಿ ಕೇಳಿದರು.

"ಒಂದ್ಸಲ ಹಾಕಿ ಬಸಿದ್ವಿ."

ಕೈಯಲ್ಲಿದ್ದ ಟಾರ್ಚು ಕೆಳಗಿಟ್ಟರು. ತುಂಬಿದ ಟ್ಯಾಂಕಿಗಿಂತ ಬಸಿದದ್ದೇ ಅಪಾಯ. ಒಳಗುಳಿದ ಆವಿ ಗಾಳಿಯೊಂದಿಗೆ ಬೆರೆತಿರುತ್ತದೆ, ಕಿಡಿಯೊಂದು ಸಾಕು. ಸೋಪುನೀರಲ್ಲಿ ಮತ್ತೆ ಮತ್ತೆ ತೊಳೆಸಿದರು. ಮುಚ್ಚಳ ಬಿಗಿದು, ಬೋರಲು ಹಾಕಿ, ಕಾಕ್ ತೂತಿನಿಂದ ನೀರು ತುಂಬಿಸಿ, ಬೆಸುಗೆ ಬೀಳುವ ಜಾಗವಷ್ಟೇ ಖಾಲಿ ಬಿಟ್ಟರು.

ಆಮೇಲೆ ನೊರೆ ಬಳಿದು ಮೆಲ್ಲಗೆ ಗಾಳಿ ಊದಿದಾಗ ಒಂದೇ ಒಂದು ಗುಳ್ಳೆ.

"ಕಾದ ಇಂಜಿನ್ ಮೇಲೇ ಕೂರತ್ತೆ ಸಾರ್ ಇದು," ಅಂದು ಮತ್ತೆ ನೀರು ತುಂಬಿಸಿದರು.